ಲೇಖಕರು ದುಡ್ಡು ಕಟ್ಟಲೇಬೇಕೆಂದೇನಿಲ್ಲ

ಓದುಗರಿಗೆ ಸಂಶೋಧನಾ ಪ್ರಬಂಧ ಉಚಿತವಾಗಿ ಸಿಗಬೇಕಾದರೆ ಲೇಖಕರೇ ಶುಲ್ಕ ಕಟ್ಟಬೇಕು, ಬೇರೆ ದಾರಿಯಿಲ್ಲ ಎಂದು ಬರೆದಿದ್ದೀರಿ. ಗಣಿತದ ಮಟ್ಟಿಗೆ ಇದನ್ನು ಒಪ್ಪಲಾರೆ ಸರ್. 1991ರಲ್ಲಿ ಶುರುವಾದ ಆರ್ಕೈವ್ (arXiv) ಎಂಬ ಪ್ರಬಂಧ ಸಂಗ್ರಹದ ಜಾಲತಾಣಕ್ಕೆ ಪ್ರಬಂಧ ಹಾಕಲೂ ಕಾಸು ಬೇಡ, ಓದಲೂ ಬೇಡ. ರಷ್ಯಾದ ಗಣಿತಜ್ಞ ಪೆರೆಲ್ಮನ್, ಬಹುಕಾಲ ಬಿಡಿಸಲಾಗದೆ ಉಳಿದಿದ್ದ ಪ್ವಾಂಕರೆ ಊಹೆ ಎಂಬ ಗಣಿತ ಸಮಸ್ಯೆಯ ರುಜುವಾತನ್ನು 2002-03ರಲ್ಲಿ ಅಲ್ಲಿ ಹಾಕಿ ಸುಮ್ಮನಾದರು, ಯಾವ ಸಂಶೋಧನಾ ಪತ್ರಿಕೆಗೂ ಕಳಿಸಲಿಲ್ಲ. ಹಾಗಂತ ಪರಿಶೀಲನೆ ನಿಂತಿತೇ? ಬೇರೆ ಬೇರೆ ತಂಡಗಳು ವರ್ಷಗಟ್ಟಲೆ ಕೂತು ಅದನ್ನು ಬಿಡಿಸಿ ನೋಡಿದವು.

ಪತ್ರಿಕೆಗಳ ಲೆಕ್ಕವನ್ನೇ ನೋಡಿ. ಬರೆಯುವವರು ಗಣಿತಜ್ಞರು, ಅಕ್ಷರ ಜೋಡಣೆಯ ತಂತ್ರಾಂಶ ಲೇಟೆಕ್‌ನಲ್ಲಿ ಅಕ್ಷರ ಜೋಡಿಸುವವರೂ ಅವರೇ, ಪರಿಶೀಲಿಸುವವರು ಬಿಡಿಗಾಸೂ ಪಡೆಯದ ಅವರದೇ ಪೈಕಿಯವರು. ಆಮೇಲೆ ಅದೇ ಪ್ರಬಂಧವನ್ನು ಅವರದೇ ಲೈಬ್ರರಿ ದುಬಾರಿ ಚಂದಾ ಕೊಟ್ಟು ಕೊಳ್ಳಬೇಕು! 2012ರಲ್ಲಿ ಗಣಿತಜ್ಞ ಟಿಮೋಥಿ ಗೋವರ್ಸ್ ಇದನ್ನೇ ಕೇಳಿದಾಗ ಸಾವಿರಾರು ಮಂದಿ ಇಂಥ ಪತ್ರಿಕೆಗಳ ದೊಡ್ಡ ಪ್ರಕಾಶನ ಸಂಸ್ಥೆ ಎಲ್ಸೆವಿಯರ್‌ಗೆ ಬಹಿಷ್ಕಾರ ಹಾಕಿದರು. ಮುಂದೆ ಗೋವರ್ಸ್ ಅವರೇ ಆರಂಭಿಸಿದ 'ಡಿಸ್ಕ್ರೀಟ್ ಅನಾಲಿಸಿಸ್' ಪತ್ರಿಕೆ ಪ್ರಬಂಧಗಳನ್ನು ತನ್ನಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಪರಿಶೀಲಿಸಿ, ಆಯ್ದು, ಆರ್ಕೈವ್‌ಗೆ ಕೊಂಡಿ ಕೊಡುತ್ತದೆ. ಆರಂಭದಲ್ಲಿ ಅವರು ಹೇಳಿದ ಖರ್ಚು ಸಲ್ಲಿಕೆಯೊಂದಕ್ಕೆ 10 ಡಾಲರ್. ಅದನ್ನೂ ಲೇಖಕರಿಂದ ಕೇಳಲಿಲ್ಲ.

ಸರ್ವರ್, ಸಿಬ್ಬಂದಿ ಎಲ್ಲಕ್ಕೂ ದುಡ್ಡು ಬೇಕು, ನಿಜ. ಆರ್ಕೈವ್ ನಡೆಯುವುದೂ ವಿಶ್ವವಿದ್ಯಾಲಯಗಳ, ದಾನಿಗಳ ನೆರವಿನಿಂದಲೇ. ಆದರೆ ನೀವು ಹೊಗಳಿದ, ಸಂಶೋಧನಾ ಪತ್ರಿಕೆಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದರ ಲಾಭ ಸದ್ಯಕ್ಕೆ ಸರ್ಕಾರಿ ಸಂಸ್ಥೆಗಳವರಿಗೆ. ಖಾಸಗಿ ಕಾಲೇಜಿನ ಮೇಷ್ಟ್ರು ಮೊದಲಿನಂತೆ ಆರ್ಕೈವನ್ನೇ ನಂಬಿಕೊಂಡಿರಬೇಕು.