ಬ್ಲಾಕ್ ಥಳಥಳ ಹೊಳೆದರೆ ಸಾಲದು

ಹೊರನಾಡಿನ ವರ್ಕ್‌ಶಾಪುಗಳಲ್ಲಿ ನಾಲ್ಕಾರು ಕಡೆಯವರು ಒಟ್ಟಿಗೆ ದುಡಿಯುವುದರಿಂದ ಒಂದೇ ಕೆಲಸದ ಎರಡು ರೀತಿ ಪಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಎಂಜಿನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಏನೂ ಸೋರದಂತೆ ತಡೆಯುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಅದನ್ನು ಕೂರಿಸುವ ಮುನ್ನ ಬ್ಲಾಕಿನ ಮೇಲ್ಮೈ ಸಿದ್ಧಮಾಡುವುದನ್ನೇ ನೋಡಿ. ಒಬ್ಬರು ಏರ್ ಗ್ರೈಂಡರಿಗೆ ತಿಕ್ಕುವ ಅಬ್ರೇಸಿವ್ ಡಿಸ್ಕ್ ಸಿಕ್ಕಿಸಿ ಐದು ನಿಮಿಷದಲ್ಲಿ ಬೆಳ್ಳಿಯ ಹಾಗೆ ಹೊಳೆಸುತ್ತಾರೆ. ಇನ್ನೊಬ್ಬರು ಹಳೆ ಗ್ಯಾಸ್ಕೆಟ್ಟನ್ನು ಮೆತ್ತಗಾಗಿಸುವ ಗ್ಯಾಸ್ಕೆಟ್ ರಿಮೂವರ್ ಹಚ್ಚಿ, ಕಾದು, ಸ್ಕ್ರೇಪರ್ ಹಿಡಿದು ಗಂಟೆಗಟ್ಟಲೆ ಬಾಗುತ್ತಾರೆ. ನನ್ನ ಮತ ಎರಡನೆಯವರಿಗೆ. ಥಳಥಳ ಬೇರೆ, ಚೊಕ್ಕ ಬೇರೆ. ಗ್ಯಾಸ್ಕೆಟ್ಟಿಗೆ ಬೇಕಾದ್ದು ಚೊಕ್ಕವಾದ, ಸಮತಟ್ಟಾದ ಮೇಲ್ಮೈ.

ಡಿಸ್ಕಿಗೆ ಹಳೆ ಗ್ಯಾಸ್ಕೆಟ್ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂಬುದು ತಿಳಿಯದು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಒಂದೇ ಕಡೆ ಕೆಲವೇ ಸೆಕೆಂಡ್ ನಿಂತರೂ ತಗ್ಗು ಬೀಳುತ್ತದೆ. ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಸೇತುವೆಯಲ್ಲಿ ಈ ತಗ್ಗು ಬಿದ್ದರಂತೂ ಕಷ್ಟ. ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಉಕ್ಕಿನ ಪಟ್ಟಿ) ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದರೆ ಅಲ್ಲಿ ಬೆಳಕಿನ ಗೆರೆಯೊಂದು ಹಾದುಬರುತ್ತದೆ. ಮುಂದೆ ಸಿಲಿಂಡರಿನೊಳಗಿನ ಒತ್ತಡವೂ ಅದೇ ದಾರಿ ಹಿಡಿಯುತ್ತದೆ. ಹಳೆಯ ಕಾಂಪೋಸಿಟ್ ಗ್ಯಾಸ್ಕೆಟ್ ಮೆತ್ತಗಿದ್ದು ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು. ಈಗಿನ ಬಹುಪದರದ ಉಕ್ಕಿನ ಗ್ಯಾಸ್ಕೆಟ್ಟಿನ ಮೇಲಿರುವ ರಬ್ಬರ್ ಲೇಪ ತೀರಾ ತೆಳು. ಇವುಗಳಲ್ಲಿ ಹಲವಕ್ಕೆ ಮೇಲ್ಮೈಯ ಒರಟುತನ 0.5ರಿಂದ 0.75 ಮೈಕ್ರೋಮೀಟರ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಮೀರದಷ್ಟು ನುಣುಪು ಬೇಕು, ಕೈಯಲ್ಲಿ ತಿಕ್ಕಿ ಅದನ್ನು ತರಲಾಗದು.

ಇದಕ್ಕಿಂತ ಕೆಟ್ಟದ್ದು ಡಿಸ್ಕಿನಿಂದ ಉದುರುವ ಪುಡಿ. ಅದು ಅಲ್ಯೂಮಿನಿಯಂ ಆಕ್ಸೈಡ್, ಬೇರಿಂಗಿಗಿಂತ ಎಷ್ಟೋ ಪಟ್ಟು ಗಟ್ಟಿ. ಆಯಿಲ್ ವಾಪಸಾಗುವ ರಂಧ್ರಗಳಿಂದ ಎಂಜಿನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದು, ಪಂಪಿನ ಮೂಲಕ ಕ್ರ್ಯಾಂಕ್ ಬೇರಿಂಗುಗಳಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಇದೇ ಕಾರಣಕ್ಕೆ ಜನರಲ್ ಮೋಟಾರ್ಸ್ ತನ್ನ ಸರ್ವೀಸ್ ಬುಲೆಟಿನ್‌ನಲ್ಲಿ ಇಂಥ ಡಿಸ್ಕ್, ಪ್ಯಾಡುಗಳನ್ನು ಎಂಜಿನಿನ ಗ್ಯಾಸ್ಕೆಟ್ ಮೇಲ್ಮೈಗೆ ಬಳಸಬೇಡಿ ಎಂದಿದೆ. ಬೇರಿಂಗ್ ಸದ್ದು ಮಾಡುವ ಹೊತ್ತಿಗೆ ಹೆಡ್ ಕೆಲಸ ಯಾರ ನೆನಪಿನಲ್ಲೂ ಇರುವುದಿಲ್ಲ.

ಹಾಗಾದರೆ ನಿಧಾನದ ದಾರಿ ಹೇಗೆ? ಪಿಸ್ಟನ್‌ಗಳನ್ನು ನಡುಮಟ್ಟಕ್ಕೆ ತಂದು, ಸಿಲಿಂಡರಿಗೆ ಬಟ್ಟೆ ತುರುಕಿ, ನೀರಿನ ಮತ್ತು ಆಯಿಲಿನ ರಂಧ್ರಗಳನ್ನೆಲ್ಲ ಮುಚ್ಚಿ. ರಿಮೂವರ್ ಹಚ್ಚಿ 10–15 ನಿಮಿಷ ಬಿಡಿ. ಎರಕದ ಕಬ್ಬಿಣವಾದರೆ ಬ್ಲೇಡನ್ನು ಮೇಲ್ಮೈಗೆ ಹೆಚ್ಚು ಕಡಿಮೆ ಮಲಗಿಸಿ ತಳ್ಳಿ. ಅಲ್ಯೂಮಿನಿಯಂ ಆದರೆ ಪ್ಲಾಸ್ಟಿಕ್ ಸ್ಕ್ರೇಪರ್ರೇ ಆಗಬೇಕು. ಬಿಡದಿದ್ದರೆ ಇನ್ನೊಮ್ಮೆ ರಿಮೂವರ್ ಹಚ್ಚಿ, ಬಲ ಹಾಕಬೇಡಿ. ಉಗುರಿಗೆ ಏನೂ ತಾಗದೆ ಬರೀ ಬಣ್ಣ ಉಳಿದಿದ್ದರೆ ಅದು ಕಲೆ, ಇರಲಿ ಬಿಡಿ. ಆ ಕಲೆ ಹೋಗಿಸುವ ಹಟದಲ್ಲೇ ಎಷ್ಟೋ ಬ್ಲಾಕುಗಳು ಹಾಳಾಗಿವೆ. ತೀರಾ ಹಳೆ ಎಂಜಿನಾದರೆ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ತಿಕ್ಕಿ ಧೂಳೆಬ್ಬಿಸಬೇಡಿ.

ಇನ್ನು ಬೋಲ್ಟ್ ರಂಧ್ರಗಳು. ಎರಡೂ ಕಡೆಯವರು ಇದನ್ನು ಮರೆಯುವುದುಂಟು. ತಳ ಮುಚ್ಚಿದ ರಂಧ್ರದಲ್ಲಿ ಕೂಲಂಟೋ ಆಯಿಲೋ ನಿಂತಿದ್ದರೆ, ಬೋಲ್ಟ್ ಇಳಿದಂತೆ ಅದಕ್ಕೆ ಹೋಗಲು ಜಾಗವಿರುವುದಿಲ್ಲ. ದ್ರವ ಕುಗ್ಗುವುದಿಲ್ಲ, ಬ್ಲಾಕ್ ಸೀಳಬಹುದು. ಸೀಳದಿದ್ದರೂ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ‘ಕಟ್’ ಎನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಥ್ರೆಡ್ಡಿನ ಕೊಳೆ ತೆಗೆಯುವ ಥ್ರೆಡ್ ಚೇಸರ್ ಇಳಿಸಿ (ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಬೇಡ, ಅದು ಲೋಹವನ್ನೇ ಕೊರೆಯುತ್ತದೆ), ಕಣ್ಣಿಗೆ ಕನ್ನಡಕ ಹಾಕಿ, ರಂಧ್ರದ ಬಾಯಿಗೆ ಬಟ್ಟೆ ಸುತ್ತಿ ಗಾಳಿ ಹೊಡೆಯಿರಿ. ಬ್ಲಾಕಿನೊಳಗೆ ಕೂಲಂಟ್ ಹರಿಯುವ ನೀರಿನ ಜಾಕೆಟ್ಟಿಗೆ ತೆರೆದುಕೊಳ್ಳುವ ರಂಧ್ರವಾದರೆ ಬೋಲ್ಟಿನ ಥ್ರೆಡ್ಡಿಗೆ ಸೀಲಂಟ್ ಬೇಕು.

ಅಳತೆ ಕೊನೆಗೆ. ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಇಟ್ಟು ಅದರಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಆ ಎಂಜಿನಿನ ಪುಸ್ತಕದ ಮಿತಿಯೇ ಪ್ರಮಾಣ. ಸಾಮಾನ್ಯವಾಗಿ 150 ಮಿ.ಮೀ. ಉದ್ದದಲ್ಲಿ 0.05 ಮಿ.ಮೀ. ದಾಟಬಾರದು. ದಾಟಿದರೆ ಎಮೆರಿ ಸುತ್ತಿದ ಮರದ ತುಂಡು ಹಿಡಿದು ಕೂರಬೇಡಿ, ಮಷಿನಿಂಗ್ ಶಾಪಿಗೆ ಕೊಡಿ. ಬ್ಲಾಕಿನ ಮೇಲ್ಮೈ ಹೆರೆದಷ್ಟೂ ಪಿಸ್ಟನ್ ಹೆಡ್ಡಿಗೆ ಹತ್ತಿರವಾಗುತ್ತದೆಂಬ ಲೆಕ್ಕವೂ ಇರಲಿ. ವೆಟ್ ಲೈನರ್ (ಹೊರಮೈಗೆ ಕೂಲಂಟ್ ನೇರ ತಾಗುವ, ಬೇರೆಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಎಂಜಿನಾದರೆ ಲೈನರ್ ಬ್ಲಾಕಿಗಿಂತ ಎಷ್ಟು ಮೇಲೆದ್ದಿದೆ ಎಂಬುದನ್ನೂ ಅಳೆಯಲೇಬೇಕು.

ಬಟ್ಟೆಗಳನ್ನು ಹುಷಾರಾಗಿ ತೆಗೆದು, ಕಸ ಹೀರಿಸಿ, ಬ್ರೇಕ್ ಕ್ಲೀನರ್ ಹಾಕಿದ ಎಳೆ ಬಿಡದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಒರೆಸಬೇಕು. ಆಮೇಲೆ ಬರಿಗೈ ತಾಗಿಸಬಾರದು. ಹೊಸ ಗ್ಯಾಸ್ಕೆಟ್ಟನ್ನು ಪ್ಯಾಕೆಟಿನಿಂದ ತೆಗೆಯುವುದು ಆಗಲೇ, ಅದಕ್ಕೂ ಮೊದಲಲ್ಲ.