ಬಾಗಿಲಿಗೆ ಡಾಂಬರು

ಇವತ್ತು ಪುಣೆಯಲ್ಲಿ ಗಾಡಿ ಸಾಮಾನು ಸಿಗೋ ನಾನಾ ಪೇಟೆಗೆ ವೈಪರ್ ಬ್ಲೇಡ್ ತರೋಕೆ ಹೋದವನು ತಲೆ ಕೆಡಿಸಿಕೊಂಡು ಬಂದಿದ್ದೇನೆ. ಅಂಗಡಿ ಮುಂದೆ ಒಂದು ಹೊಸಾ ಕಾರು. ಪೂಜೆಯ ಹೂವಿನ್ನೂ ಬಾಡಿಲ್ಲ, ಆಗಲೇ ಸೀಟು ಹೊರಗೆ, ಬಾಗಿಲ ಪ್ಯಾಡು ಫುಟ್‌ಪಾತ್ ಮೇಲೆ. ಕಾರೊಳಗೆ ಸದ್ದು ಕಮ್ಮಿಯಾಗಲಿ ಅಂತ ಕೆಲಸದ ಹುಡುಗ ಬಾಗಿಲ ತಗಡಿಗೆ ಬೆಳ್ಳಿ ಬಣ್ಣದ ಹಾಳೆಯನ್ನು ಒಂದಿಂಚೂ ಬಿಡದೆ ಅಂಟಿಸುತ್ತಿದ್ದ. ಕಾರಿನ ಯಜಮಾನ, ಇಪ್ಪತ್ತೈದರ ಪೋರ, ಹೆಮ್ಮೆಯಿಂದ ಫೋಟೊ ತೆಗೀತಿದ್ದ. ಹತ್ತಿರ ಹೋದೆ. ವಾಸನೆ ಬಂತು. ಡಾಂಬರು!

ಆ ವಾಸನೆ ನನಗೆ ಗೊತ್ತಿಲ್ಲದೆ ಏನು. ನಾಲ್ಕು ವರ್ಷದ ಹಿಂದೆ "ಅದೇ ಮಾಲು, ಅರ್ಧ ರೇಟು" ಅಂದದ್ದಕ್ಕೆ ಮರುಳಾಗಿ ನಾಲ್ಕೂ ಬಾಗಿಲಿಗೆ ಹಾಕಿಸಿಕೊಂಡ ಜಾಣ ನಾನೇ. ಅದು ತಾರಸಿ ಸೋರಿದರೆ ಅಂಟಿಸೋ ಪಟ್ಟಿ. ಮೇ ತಿಂಗಳು, ಹುಬ್ಬಳ್ಳಿಗೆ ಹೊರಟಿದ್ದೆವು. ಕರಾಡ್ ದಾಟಿ ಊಟ ಮುಗಿಸಿ ಬರೋಷ್ಟರಲ್ಲಿ ಬಾಗಿಲ ಸಂದಿಯಿಂದ ಕಪ್ಪಗೆ ಜಿನುಗಿದೆ. ಅಪ್ಪನ ಧೋತರದ ಕಲೆ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. "ರಸ್ತಾಕ್ಕ ಹಾಕೋದನ್ನ ಬಾಗಲಕ್ಕ ಯಾಕ ಹಾಕ್ಸೀಯೋ ತಮ್ಮಾ?" ಅಂದರು. ಇವತ್ತಿಗೂ ಅವರು ನನ್ನ ಕಾರಿನಲ್ಲಿ ಬಾಗಿಲ ಕಡೆ ಕೂರಲ್ಲ, ನಡುವೆಯೇ.

ಬೇಕಾದ್ದು ಬ್ಯೂಟೈಲ್ ರಬ್ಬರಿನದು, ಮೇಲೆ ಅಲ್ಯೂಮಿನಿಯಂ ಹಾಳೆ ಇರೋದು. ತಗಡು ನಡುಗೋದನ್ನು ತಡೆಯೋದಷ್ಟೇ ಅದರ ಕೆಲಸ. ಬೆರಳ ಗೆಣ್ಣಿನಿಂದ ಬರೀ ಬಾಗಿಲು ತಟ್ಟಿ, ಟಣ್ ಅನ್ನುತ್ತೆ. ನಡುವೆ ಅಂಗೈ ಅಗಲದ ಎರಡು ತುಂಡು ಹಚ್ಚಿ ತಟ್ಟಿ, ಠಪ್. ಆಮೇಲೆ ಮೂರು ಪದರ ಹಾಕಿದರೂ ಠಪ್ಪೇ! ತಗಡಿನ ಕಾಲುಭಾಗ ಮುಚ್ಚಿದರೆ ಬಹುಪಾಲು ಕೆಲಸ ಆಯ್ತು. ಚದರಡಿ ಲೆಕ್ಕದಲ್ಲಿ ಮಾರೋನು ಇದನ್ನ ಯಾಕೆ ಹೇಳ್ತಾನೆ?

ಹೊರಗಿನ ಗದ್ದಲ ತಡೆಯೋದು ಬೇರೆಯೇ ಕಥೆ. ಅದಕ್ಕೆ ನೆಲದಲ್ಲಿ ಫೋಮ್, ಅದರ ಮೇಲೆ ಭಾರದ ವಿನೈಲ್ ಹಾಳೆ, ಸಂದಿಲ್ಲದಂತೆ. ಫೋಮೂ ನೀರು ಹೀರದ ಜಾತಿಯದೇ ಆಗಬೇಕು, ಸೋಫಾ ಸ್ಪಂಜು ತುರುಕಿದರೆ ತುಕ್ಕು ಗ್ಯಾರಂಟಿ. ಮುಂಬೈ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಮೇಲೆ ಭೊರ್ರೋ ಅನ್ನೋದು ಟಯರು ಸ್ವಾಮೀ, ಬಾಗಿಲಿಗೆ ಬೆಳ್ಳಿ ಹೊದಿಸಿದರೆ ಅದು ಸುಮ್ಮನಾಗುತ್ತಾ? ನನ್ನ ಗಾಡಿಯ ಸದ್ದು ಅಡಗಿದ್ದು ಟಯರು ಮತ್ತು ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಬದಲಿಸಿದ ಮೇಲೆ.

"ಕಾರು ಕಂಪನಿಯವರೂ ಡಾಂಬರಿನ ಹಾಳೆ ಹಾಕ್ತಾರಲ್ಲ" ಅಂತ ಈಗ ಒಬ್ಬರು ಬರ್ತೀರಿ, ಗೊತ್ತು. ಹೌದು, ಹಾಕ್ತಾರೆ. ನೆಲದ ತಗಡಿನ ಮೇಲೆ ಮಲಗಿಸಿ, ಪೇಂಟಿನ ಭಟ್ಟಿಯಲ್ಲಿ ಬೇಯಿಸಿ ಕೂರಿಸ್ತಾರೆ. ನಿಮ್ಮ ಹತ್ರ ಭಟ್ಟಿ ಇದ್ದರೆ ಹೇಳಿ.

ಸುಮ್ಮನಿರಲಾಗದೆ ಆ ಪೋರನಿಗೆ ಇಷ್ಟನ್ನೂ ಒದರಿದೆ. ಅಂಗಡಿಯವನು ನಗುತ್ತಾ "ಕಾಕಾ, ಟೆನ್ಶನ್ ನಕಾ ಘೇವೂ" ಅಂದ, ತಲೆ ಕೆಡಿಸ್ಕೋಬೇಡಿ ಅಂತ. ಪೋರನೂ ನಕ್ಕ. ಅಷ್ಟರಲ್ಲಿ ಕೆಲಸದ ಹುಡುಗ ಬಾಗಿಲ ತಳದಲ್ಲಿ ಮಳೆನೀರು ಇಳಿಯೋ ತೂತುಗಳ ಮೇಲೂ ಹಾಳೆ ಎಳೆದು ರೋಲರ್ ಉಜ್ಜತೊಡಗಿದ್ದ. ಪುಣೆಯಲ್ಲಿ ಮಳೆ ಇನ್ನೇನು ಶುರುವಾಗಬೇಕು! ಬಗ್ಗಿ "ಆ ತೂತು ಬಿಟ್ಟು ಅಂಟಿಸಪ್ಪಾ" ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿ ಬಂದೆ. ಕೇಳಿಸಿತೋ ಇಲ್ಲವೋ, ಪಕ್ಕದ ಅಂಗಡಿಯಲ್ಲಿ ಹಾರ್ನ್ ಟೆಸ್ಟ್ ಮಾಡ್ತಿದ್ದರು.