ವಾಲಿದ ತಲೆಕಟ್ಟು

ಆಗುಂಬೆಯ ಗಾಳಿಮಳೆಗೆ ಸಿಕ್ಕ ಅಡಿಕೆ ಮರಗಳಾದರೂ ಗಾಳಿ ನಿಂತ ಮೇಲೆ ನೆಟ್ಟಗಾಗುತ್ತವೆ, ಶಿವಮೊಗ್ಗದ ಬಿ.ಎಚ್. ರಸ್ತೆಯ ಫ್ಲೆಕ್ಸುಗಳ ಅಕ್ಷರಗಳು ಮಾತ್ರ ಕಡುಬೇಸಿಗೆಯಲ್ಲೂ ಬಲಕ್ಕೆ ವಾಲಿಕೊಂಡೇ ಇರುತ್ತವೆ. ವಾಲಿದ್ದು ಸಾಲದೆಂಬಂತೆ ಮೈಯನ್ನೂ ಬೆಳೆಸಿಕೊಂಡಿವೆ. ನಾಯಕರ ಹುಟ್ಟುಹಬ್ಬ, ಮೊನ್ನೆ ತೀರಿಕೊಂಡವರ ಶ್ರದ್ಧಾಂಜಲಿ, ಅಡಿಕೆ ಸುಲಿಯುವ ಯಂತ್ರದ ರಿಯಾಯಿತಿ, ಎಲ್ಲಕ್ಕೂ ದಪ್ಪಗೆ ಓರೆಯಾದ ಒಂದೇ ಬೋಲ್ಡ್ ಇಟಾಲಿಕ್ ಆದ್ದರಿಂದ, ಬಸ್ಸಿನ ಕಿಟಕಿಯಿಂದ ನೋಡಿದವನಿಗೆ ಸಂತೋಷಪಡಬೇಕೋ ಸಂತಾಪ ಸೂಚಿಸಬೇಕೋ ತಿಳಿಯುವುದಿಲ್ಲ.

1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೊರೆದ ಓರೆ ಅಚ್ಚಿನಲ್ಲಿ ಪ್ರಾಚೀನ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿದೊಯ್ಯಬಹುದಾದ ಪುಟ್ಟ ಪುಸ್ತಕವಾಗಿ ಮುದ್ರಿಸಿದ. ಅಂಗೈಗೆಂದು ಬಂದ ಅಕ್ಷರ ಈಗ ಇಪ್ಪತ್ತು ಅಡಿಯ ಫ್ಲೆಕ್ಸನ್ನು ಏರಿದೆ. ಆ ಪುಸ್ತಕದಲ್ಲಿ ಸಣ್ಣಕ್ಷರಗಳು ಮಾತ್ರ ಬಾಗಿದ್ದವು, ದೊಡ್ಡಕ್ಷರಗಳು ನೆಟ್ಟಗೇ ನಿಂತಿದ್ದವು ಎಂದು ತಿಳಿದರೆ, ನಾಯಕರ ಭಾವಚಿತ್ರದ ಅಡಿಯಲ್ಲಿ ಸಾಲುಗಟ್ಟಿ ಬಾಗಿರುವ 'ಶುಭ ಕೋರುವವರು' ಇದು ತಮ್ಮದೇ ಶಿಸ್ತೆಂದು ಹೆಮ್ಮೆಪಟ್ಟಾರು. ದಪ್ಪಕ್ಷರದ ಕುಲ ಬೇರೆ. ಅದು ಮೆರೆಯತೊಡಗಿದ್ದು 19ನೇ ಶತಮಾನದ ಇಂಗ್ಲೆಂಡಿನ ಜಾಹೀರಾತುಗಳಲ್ಲಿ.

ಇಂಗ್ಲಿಷ್ ಬರೆಯುವ ರೋಮನ್ ಲಿಪಿಯ ಸೆರಿಫ್ ಅಚ್ಚಿನಲ್ಲಿ, ಅಂದರೆ ಗೆರೆಗಳ ತುದಿಗೆ ಪುಟ್ಟ ಬಾಲವಿರುವ ಅಚ್ಚಿನಲ್ಲಿ, ನಿಜವಾದ ಇಟಾಲಿಕ್ಕನ್ನು ಬೇರೆಯಾಗಿಯೇ ಬರೆಯುತ್ತಾರೆ. ಸಣ್ಣ 'a' ತನ್ನ ಮಾಳಿಗೆಯನ್ನು ಕಳಚಿಟ್ಟು ಒಂದಂತಸ್ತಿಗೆ ಇಳಿಯುತ್ತದೆ. ಕನ್ನಡದ ಹೆಚ್ಚಿನ ಫಾಂಟುಗಳಿಗೆ ಆ ಭಾಗ್ಯವಿಲ್ಲ. ನಮ್ಮೂರ ನದಿಯ ಹೆಸರನ್ನೇ ಹೊತ್ತು ವಿಂಡೋಸ್‌ನೊಂದಿಗೆ ಬಂದ 'ತುಂಗಾ' ಫಾಂಟಿಗೂ ಓರೆ ರೂಪವನ್ನು ಯಾರೂ ಬರೆದಿಲ್ಲ. ಆದರೂ ಗುಂಡಿ ಒತ್ತಿದರೆ ಕಂಪ್ಯೂಟರ್ ಇಲ್ಲವೆನ್ನುವುದಿಲ್ಲ. ಇದ್ದ ಅಕ್ಷರವನ್ನೇ ಹಿಡಿದು ಓರೆಯಾಗಿ ಎಳೆಯುತ್ತದೆ. ಆಗ ತಲೆಕಟ್ಟು ಬಲಕ್ಕೂ ಒತ್ತಕ್ಷರ ಎಡಕ್ಕೂ ಸರಿದು, ಒಬ್ಬರ ಒತ್ತು ಪಕ್ಕದವರ ಕಾಲಡಿ ಸಂಸಾರ ಹೂಡುತ್ತದೆ.

ಇದರ ಜೊತೆಗೆ ದಪ್ಪವನ್ನೂ ತುಂಬಿದರೆ ಅಕ್ಷರದೊಳಗಿನ ಬಯಲೆಲ್ಲ ಒತ್ತುವರಿಯಾಗುತ್ತದೆ. ನಮ್ಮ ಮನೆಯ ಲಗ್ನಪತ್ರಿಕೆಯಲ್ಲಿ 'ಧ'ಕಾರದ ಸೀಳು ಮುಚ್ಚಿಹೋಗಿ ವಧು 'ವದು'ವಾದಳು. ಯಾವುದಕ್ಕೆ ಒತ್ತು ಕೊಡಬೇಕೆಂದು ವಿಚಾರಿಸದೆ ಹೀಗೇಕೆ ಮಾಡಿದಿರಿ ಎಂದು ಮುದ್ರಣದವರನ್ನು ಕೇಳಿದೆ. "ಮದುವೆ ಮನೇಲಿ ಯಾವುದು ಮುಖ್ಯ ಅಲ್ಲ ಹೇಳಿ?" ಎಂದು ಅವರು ನನ್ನನ್ನೇ ಕೇಳಿದರು. ಶಿಕಾರಿಪುರದ ಬಳಿಯ ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ಕದಂಬರ ವಂಶಗಾಥೆಯನ್ನು ಬರೆದಾಗ ಮಯೂರಶರ್ಮನ ಹೆಸರೂ ಉಳಿದ ಪದಗಳ ಸಾಲಿನಲ್ಲೇ ಸೇರಿಕೊಂಡಿತ್ತು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಮುಂದಿನ ಗಿರಾಕಿಯ ಗೃಹಪ್ರವೇಶವನ್ನು ವಾಲಿಸುತ್ತಿದ್ದರು.

ಪತ್ರಿಕೆಯನ್ನು ಮನೆಗೆ ತಂದು ಕನ್ನಡಕ ಏರಿಸಿ ಮತ್ತೊಮ್ಮೆ ಓದಿದೆ. ಮುಹೂರ್ತದ ವೇಳೆಯೂ ಛತ್ರದ ವಿಳಾಸವೂ ಒಂದರ ಮೇಲೊಂದು ಒರಗಿ ಮಲಗಿದ್ದವು. ತೆಳ್ಳಗೆ, ನೆಟ್ಟಗೆ, ಒಂದೇ ನೋಟಕ್ಕೆ ಓದಿಸಿಕೊಂಡದ್ದು ಮೂಲೆಯಲ್ಲಿದ್ದ ಮುದ್ರಣಾಲಯದ ಫೋನ್ ನಂಬರ್ ಒಂದೇ.